ಘಟ್ಟದ ಮೇಲಿನವರಿಗೆ ಕಡಲ ಕರೆ

ಸಮುದ್ರದ ಸಮೀಪದಲ್ಲಿ ನಾಲ್ಕು ದಿವಸ ನೆಮ್ಮದಿಯಾಗಿ ಇದ್ದು ಬರಬೇಕೆಂಬ ಬಯಕೆ ಈಗ ನಮ್ಮ ನಾಡಿನ ಪಟ್ಟಣವಾಸಿಗಳಲ್ಲಿ ಸಾಮಾನ್ಯವಾಗಿದೆ. ರಜೆ ಬಂದಿತೆಂದರೆ ಬೆಂಗಳೂರಿನಿಂದಲೂ ಮೈಸೂರಿನಿಂದಲೂ ಹಾಸನದಿಂದಲೂ ಬಂಡಿಗಳು ಸಾಲುಗಟ್ಟಿ ಘಟ್ಟವನ್ನಿಳಿಯುತ್ತವೆ. ಹೋದವರು ಹಿಂತಿರುಗಿ ಬಂದು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: "ಕಡಲೇನೋ ಚೆನ್ನಾಗಿತ್ತು, ಆದರೆ ಜನಸಂದಣಿಯಲ್ಲಿ ಅದನ್ನು ನೋಡಲಾಗಲಿಲ್ಲ." ಶಾಂತಿಯನ್ನು ಅರಸಿ ಹೋದವರಿಗೆ ಸಂತೆ ದೊರೆತರೆ ಅದು ಯಾರ ತಪ್ಪು? ಕಡಲಿನದಂತೂ ಅಲ್ಲ. ಕರ್ನಾಟಕದ ಕರಾವಳಿ ೩೦೦ ಕಿಲೋಮೀಟರಿಗೂ ಹೆಚ್ಚು ಉದ್ದವಾಗಿದೆ. ಜನ ಸೇರುವ ಸ್ಥಳಗಳಾದರೋ ಬೆರಳೆಣಿಕೆಯವು. ಉಳಿದ ಕರೆಯೆಲ್ಲವೂ ವರ್ಷದ ಬಹುಭಾಗ ಮೀನುಗಾರರಿಗೂ ಹಕ್ಕಿಗಳಿಗೂ ಮೀಸಲಾಗಿ ನಿಶ್ಶಬ್ದವಾಗಿರುತ್ತದೆ. ಅಂತಹ ನಿಶ್ಶಬ್ದವನ್ನು ಹುಡುಕುವುದು ಹೇಗೆ, ಅಲ್ಲಿ ನಡೆದಾಡುವುದು ಹೇಗೆ, ಮತ್ತು ನಡೆದಾಡಿ ಕ್ಷೇಮವಾಗಿ ಮನೆಗೆ ಬರುವುದು ಹೇಗೆ ಎಂಬ ಮೂರು ವಿಷಯಗಳನ್ನು ಈ ಭಾಷಣದಲ್ಲಿ ಶ್ರೋತೃಗಳ ಮುಂದಿಡಲು ಬಯಸುತ್ತೇವೆ.

ವಿಷಯವು ಸ್ಪಷ್ಟವಾಗುವುದಕ್ಕೋಸ್ಕರ ಒಂದು ಊರನ್ನು ಹೊರಡುವ ನೆಲೆಯಾಗಿ ಇಟ್ಟುಕೊಳ್ಳೋಣ. ಬೇಲೂರು ತಾಲ್ಲೂಕಿನಲ್ಲಿ ಅರೇಹಳ್ಳಿ ಎಂಬ ಊರು ಕಾಫಿಯ ತೋಟಗಳ ನಡುವೆ ಇದೆ. ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದ ನೆಲ. ಬೆಳಗಿನ ಮಂಜು, ಮರಗಳ ನೆರಳು, ಮೆಣಸಿನ ಬಳ್ಳಿ. ಅಲ್ಲಿಂದ ಪಡುವಣ ಕಡಲಿಗೆ ನೇರವಾಗಿ ಅಳೆದರೆ ೧೦೦ ಕಿಲೋಮೀಟರಿನ ಆಸುಪಾಸು. ಆದರೆ ಅರೇಹಳ್ಳಿಯ ಮೇಲೆ ಬಿದ್ದ ಮಳೆ ಈ ಹತ್ತಿರದ ಕಡಲಿಗೆ ಹೋಗುವುದಿಲ್ಲ. ಅದು ಯಗಚಿಯನ್ನೋ ಹೇಮಾವತಿಯನ್ನೋ ಸೇರಿ, ಕಾವೇರಿಯಲ್ಲಿ ಕೂಡಿ, ತಮಿಳುನಾಡನ್ನು ಹಾದು ಮೂಡಣ ಸಮುದ್ರಕ್ಕೆ ಹರಿಯುತ್ತದೆ. ಅದೇ ಮೋಡವು ಪಶ್ಚಿಮಕ್ಕೆ ಕೆಲವು ಮೈಲಿ ಆಚೆ, ಘಟ್ಟದ ಅಂಚಿನಲ್ಲಿ ಸುರಿದಿತೆಂದರೆ ಆ ನೀರು ಕುಮಾರಧಾರೆಯ ಅಥವಾ ನೇತ್ರಾವತಿಯ ಮೂಲಕ ಮಂಗಳೂರಿನ ಅಳಿವೆಗೆ ಬಹು ಬೇಗನೆ ಇಳಿದುಬಿಡುತ್ತದೆ. ನೀರು ಬೆನ್ನು ತಿರುಗಿಸಿದ ದಿಕ್ಕಿನಲ್ಲಿಯೇ ಈ ಊರಿನವರಿಗೆ ಸಮುದ್ರವುಂಟು.

ರಾಜಕೀಯವೂ ಬಹುಕಾಲ ಹೀಗೆಯೇ ಬೆನ್ನು ತಿರುಗಿಸಿತ್ತು. ಹಳೆಯ ಮೈಸೂರು ಸಂಸ್ಥಾನಕ್ಕೆ ಕಡಲತೀರವೇ ಇರಲಿಲ್ಲ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೂ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೂ ಸೇರಿದ್ದವು. ೧೯೫೬ರ ನವೆಂಬರ್ ೧ರಂದು ಕನ್ನಡದ ಭಾಗಗಳು ಒಂದುಗೂಡಿದ ಮೇಲೆಯೇ ಘಟ್ಟದ ಮೇಲಣ ಸೀಮೆಗೂ ಕೆಳಗಣ ಸೀಮೆಗೂ ಒಂದೇ ಆಡಳಿತ ಬಂದಿತು. ಆದಕಾರಣ ನಮ್ಮ ಸೀಮೆಯವರಲ್ಲಿ ಕಡಲಿನ ಪರಿಚಯ ಹೊಸದು. ಕೆರೆಯ ಏರಿ, ಹೊಳೆಯ ಮಡು, ಕಲ್ಯಾಣಿಯ ಮೆಟ್ಟಿಲು ಇವುಗಳ ಗುಣದೋಷವನ್ನು ನಮ್ಮ ಹಿರಿಯರು ಬಲ್ಲರು; ಉಬ್ಬರ, ಇಳಿತ, ಸೆಳವು ಇವುಗಳನ್ನು ಹೇಳಿಕೊಡುವವರು ನಮ್ಮ ಮನೆಗಳಲ್ಲಿ ಇಲ್ಲ. ಈ ಮಾತಿನ ಮಹತ್ತ್ವವು ಮುಂದೆ ತಿಳಿದೀತು.

ಅರೇಹಳ್ಳಿಯ ಕಡೆಯಿಂದ ಇಳಿಯುವುದಕ್ಕೆ ದಾರಿ ಎರಡು. ಒಂದು, ಸಕಲೇಶಪುರಕ್ಕೆ ಹೋಗಿ ಶಿರಾಡಿ ಘಾಟಿಯನ್ನು ಇಳಿದು, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಬಂಟವಾಳಗಳ ಮೇಲೆ ಮಂಗಳೂರನ್ನು ಸೇರುವುದು. ಇನ್ನೊಂದು, ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗಿ ಚಾರ್ಮಾಡಿ ಘಾಟಿಯ ಮೂಲಕ ಉಜಿರೆ, ಬೆಳ್ತಂಗಡಿಗೆ ಇಳಿದು, ಕಾರ್ಕಳದ ಮೇಲೆ ಉಡುಪಿಯನ್ನು ಸೇರುವುದು. ರೈಲನ್ನು ಬಯಸುವವರಿಗೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದ ವರೆಗೆ ಘಟ್ಟವನ್ನು ಇಳಿಯುವ ಮಾರ್ಗವುಂಟು. ೧೯೭೯ರಲ್ಲಿ ತೆರೆದ ಈ ಹಾದಿಯಲ್ಲಿ ೫೭ ಸುರಂಗಗಳಿವೆ. ಒಂದೊಂದು ಕತ್ತಲೆಯಿಂದ ಹೊರಬಿದ್ದಾಗಲೂ ಒಂದೊಂದು ಕಣಿವೆ ಕಾಣುತ್ತದೆ. ಮಂಗಳೂರಿನ ಬಳಿಯಿಂದ ಉತ್ತರಕ್ಕೆ ೧೯೯೮ರಲ್ಲಿ ಪೂರ್ಣವಾದ ಕೊಂಕಣ ರೈಲು ಮಾರ್ಗವು ಉಡುಪಿ, ಕುಂದಾಪುರ, ಬೈಂದೂರು, ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ, ಅಂಕೋಲೆ, ಕಾರವಾರಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಮಳೆಗಾಲದಲ್ಲಿ ಮಾತ್ರ ಎರಡು ಘಾಟಿಗಳಲ್ಲಿಯೂ ಗುಡ್ಡ ಜರಿದು ದಾರಿ ಕಟ್ಟುವುದುಂಟು. ೨೦೨೪ರ ಜುಲೈ ತಿಂಗಳಲ್ಲಿ ಅಂಕೋಲೆಯ ಸಮೀಪದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಪ್ರಾಣಹಾನಿಯಾದುದನ್ನು ಶ್ರೋತೃಗಳು ಮರೆತಿರಲಾರರು. ಜೂನ್ ತಿಂಗಳಿಂದ ಸೆಪ್ಟೆಂಬರಿನ ವರೆಗೆ ಕಡಲನ್ನು ದೂರದಿಂದ ನೋಡಬಹುದೇ ಹೊರತು ಕರೆಯ ಮೇಲೆ ವಿಹರಿಸುವ ಕಾಲ ಅದಲ್ಲ.

ಇನ್ನು ಕರೆಯ ಸ್ವರೂಪವನ್ನು ವಿಚಾರಿಸೋಣ. ನಮ್ಮ ಕರಾವಳಿಗೆ ಎರಡು ಮುಖಗಳುಂಟು. ಉಳ್ಳಾಲದಿಂದ ಹೆಚ್ಚುಕಡಿಮೆ ಬೈಂದೂರಿನ ವರೆಗೆ ಘಟ್ಟವು ಸಮುದ್ರದಿಂದ ದೂರವಾಗಿದೆ. ಅಲ್ಲಿ ಹೊಳೆಗಳು ಬಯಲಿಗೆ ಇಳಿದು ಮಂದವಾಗಿ ಹರಿದು, ಕಡಲ ಬಳಿಗೆ ಬಂದೊಡನೆ ಒಳನುಗ್ಗಲಾರದೆ ಕರೆಯ ಸಮಾನಾಂತರದಲ್ಲಿ ಕೆಲವು ದೂರ ಸಾಗುತ್ತವೆ. ಅಲೆಗಳು ಮರಳನ್ನು ತಂದು ಒಡ್ಡುತ್ತವೆ. ಹೊಳೆ ಮಣ್ಣನ್ನು ತಂದು ಒಡ್ಡುತ್ತದೆ. ಇವೆರಡರ ನಡುವೆ ಉದ್ದನೆಯ ಕಿರಿದಾದ ಮರಳುಪಟ್ಟಿಗಳು ಹುಟ್ಟುತ್ತವೆ. ಬೈಂದೂರಿನಿಂದ ಉತ್ತರಕ್ಕೆ ಘಟ್ಟದ ತೋಳುಗಳು ಕಡಲ ವರೆಗೆ ಚಾಚಿಕೊಂಡಿವೆ. ಅಲ್ಲಿ ಕರೆಯು ತುಂಡುತುಂಡಾಗಿ, ಎರಡು ಗುಡ್ಡಗಳ ನಡುವೆ ಒಂದು ಬಾಗಿದ ಮರಳು, ಮತ್ತೊಂದು ಗುಡ್ಡ, ಮತ್ತೊಂದು ಮರಳು ಎಂಬಂತೆ ಇದೆ. ದಕ್ಷಿಣದಲ್ಲಿ ಮೈಲಿಗಟ್ಟಲೆ ಸಮವಾಗಿ ನಡೆಯಬಹುದು. ಉತ್ತರದಲ್ಲಿ ಏರಿ ಇಳಿದು ನಡೆಯಬೇಕು. ಮಕ್ಕಳೂ ವೃದ್ಧರೂ ಇರುವ ಸಂಸಾರಕ್ಕೆ ಮೊದಲನೆಯದು, ಕಾಲಿನಲ್ಲಿ ಬಲವುಳ್ಳ ತರುಣರಿಗೆ ಎರಡನೆಯದು ಒಪ್ಪುತ್ತದೆ.

ಊರಿನ ಹೆಸರುಗಳೇ ಇಲ್ಲಿ ಮಾರ್ಗದರ್ಶಿಗಳು. 'ಅಳಿವೆ' ಎಂದರೆ ಹೊಳೆಯು ಕಡಲನ್ನು ಸೇರುವ ಬಾಯಿ. 'ಕೋಡಿ' ಎಂದರೆ ನೀರಿನೊಳಕ್ಕೆ ಚಾಚಿದ ನೆಲದ ತುದಿ. 'ಬೆಂಗ್ರೆ' ಎಂದರೆ ಹೊಳೆಗೂ ಕಡಲಿಗೂ ನಡುವಣ ಮರಳಿನ ಪಟ್ಟಿ. 'ಕುದ್ರು' ಎಂದರೆ ಹೊಳೆಯ ನಡುವಿನ ದ್ವೀಪ. 'ಪಡು' ಎಂದರೆ ಪಶ್ಚಿಮ. ಹೀಗಿರಲು ನಕಾಶೆಯಲ್ಲಿ ಕೋಡಿ ಎಂದೋ ಬೆಂಗ್ರೆ ಎಂದೋ ಕಂಡುಬಂದರೆ, ಮೂರು ಕಡೆ ನೀರಿರುವ ಆ ಸ್ಥಳವನ್ನು ಹಾದು ಮುಂದೆ ಹೋಗುವ ದಾರಿ ಇರಲಾರದೆಂದು ಊಹಿಸಬಹುದು. ಹಾದುಹೋಗುವವರಿಲ್ಲದ ಕಡೆ ಗದ್ದಲವೂ ಕಡಿಮೆ. ಹೆದ್ದಾರಿಯಿಂದ ಕಾಣಿಸುವ ಕಡಲು ಎಲ್ಲರದು. ಹೆದ್ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ಎರಡು ಮೂರು ಮೈಲಿ ತೆಂಗಿನ ತೋಟಗಳ ನಡುವೆ ಹೋದವನಿಗೆ ಸಿಗುವ ಕಡಲು ಕೆಲವರದು. ಇದೇ ಸ್ಥಳಶೋಧನೆಯ ಮೊದಲನೆಯ ಸೂತ್ರ.

ಕೆಲವು ಸ್ಥಳಗಳನ್ನು ಹೆಸರಿಸೋಣ. ಮಂಗಳೂರಿನ ದಕ್ಷಿಣಕ್ಕೆ ಉಳ್ಳಾಲದ ಸೋಮೇಶ್ವರದಲ್ಲಿ ಬಂಡೆಗಳ ಮೇಲೆ ದೇವಾಲಯವಿದ್ದು ಕಡಲಿನ ನೋಟ ವಿಶಾಲವಾಗಿದೆ. ಆದರೆ ಅಲ್ಲಿಯ ನೀರು ಸ್ನಾನಕ್ಕೆ ಯೋಗ್ಯವಲ್ಲ, ನೋಟಕ್ಕೆ ಮಾತ್ರ. ಪಣಂಬೂರು ಬಂದರಿನ ಮಗ್ಗುಲಲ್ಲಿದ್ದು ಸಂಜೆಯ ಜಾತ್ರೆಯನ್ನು ಇಷ್ಟಪಡುವವರಿಗೆ ಸರಿ. ಗುರುಪುರ ಹೊಳೆಗೂ ಕಡಲಿಗೂ ನಡುವಣ ತಣ್ಣೀರುಬಾವಿಯು ಬೆಳಗಿನ ಹೊತ್ತಿನಲ್ಲಿ ಶಾಂತವಾಗಿರುತ್ತದೆ. ಮೂಲ್ಕಿಯ ಸಮೀಪದ ಸಸಿಹಿತ್ಲುವಿನಲ್ಲಿ ನಂದಿನಿ ಶಾಂಭವಿಗಳೆರಡೂ ಕೂಡಿ ಕಡಲಿಗೆ ಬೀಳುತ್ತವೆ. ಅಲ್ಲಿ ಹಲಗೆಯೇರಿ ಅಲೆಯ ಮೇಲೆ ಜಾರುವ ಕ್ರೀಡೆ ನಡೆಯುತ್ತದೆಂಬುದರಿಂದಲೇ ಅಲೆಗಳ ಬಲವನ್ನು ತಿಳಿದುಕೊಳ್ಳಬಹುದು. ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ೨೦೨೦ರಲ್ಲಿ ಡೆನ್ಮಾರ್ಕ್ ದೇಶದ ಸಂಸ್ಥೆಯೊಂದು ಕೊಡುವ 'ಬ್ಲೂ ಫ್ಲಾಗ್' ಎಂಬ ಮಾನ್ಯತೆ ದೊರೆಯಿತು. ನೀರಿನ ಶುದ್ಧಿ, ಶೌಚದ ಅನುಕೂಲ, ಕಾವಲುಗಾರರು, ಇವುಗಳನ್ನು ಪರೀಕ್ಷಿಸಿ ಕೊಡುವ ಮಾನ್ಯತೆ ಅದು. ಮಕ್ಕಳೊಡನೆ ಹೋಗುವವರು ಏಕಾಂತಕ್ಕಿಂತ ಇಂತಹ ಏರ್ಪಾಡನ್ನು ಮುಖ್ಯವಾಗಿ ನೋಡತಕ್ಕದ್ದು.

ಕಾಪುವಿನಲ್ಲಿ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಸಂಜೆ ಅಲ್ಲಿ ಜನ ಬಹಳ. ಆದರೆ ದೀಪಸ್ತಂಭಕ್ಕೆ ಬೆನ್ನು ಮಾಡಿ ಕರೆಯ ಮೇಲೆಯೇ ಉತ್ತರಕ್ಕೆ ನಡೆದರೆ ಕಾಲು ಘಂಟೆಯೊಳಗೆ ಗದ್ದಲ ಹಿಂದೆ ಉಳಿಯುತ್ತದೆ. ಆ ದಿಕ್ಕಿನಲ್ಲಿಯೇ ಮಟ್ಟು ಎಂಬ ಊರುಂಟು. ಅಲ್ಲಿಯ 'ಗುಳ್ಳ' ಎಂಬ ಬದನೆಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಲ್ಪೆಯ ಬಂದರಿನ ದಕ್ಷಿಣಕ್ಕೆ ಪಡುಕರೆಯಲ್ಲಿ ಒಂದು ಮಗ್ಗುಲಿಗೆ ಹೊಳೆ, ಒಂದು ಮಗ್ಗುಲಿಗೆ ಕಡಲು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳನ್ನು ಜೋಡಿಸಿಟ್ಟಂತೆ ನಿಂತಿರುವ ಶಿಲೆಗಳಿವೆ. ಬೇಲೂರಿನ ಶಿಲ್ಪವನ್ನು ಕಂಡ ಕಣ್ಣಿಗೆ ಅವು ಕೈಯಿಂದ ಕಡೆದವೆಂದೇ ತೋರಬಹುದು. ನಿಜವಾಗಿ ಅವು, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಹೊರಬಂದ ಲಾವಾರಸವು ತಣಿಯುತ್ತ ಸೀಳಿ ಆದ ಕಂಬಗಳು. ದ್ವೀಪದಲ್ಲಿ ಏಕಾಂತ ಬೇಕಾದವರು ದಿನದ ಮೊದಲನೆಯ ದೋಣಿಯನ್ನೇ ಹಿಡಿಯಬೇಕು.

ಮಲ್ಪೆಯ ಉತ್ತರಕ್ಕೆ ಕೆಮ್ಮಣ್ಣಿನ ಮೇಲೆ ಹೋದರೆ ಕೋಡಿ ಬೆಂಗ್ರೆ. ಸುವರ್ಣಾ ಸೀತಾ ನದಿಗಳು ಕೂಡಿ ಕಡಲನ್ನು ಸೇರುವ ಸ್ಥಳ ಅದು. ಹೊಳೆಯ ಆಚೆಯ ದಡದಲ್ಲಿ ಹಂಗಾರಕಟ್ಟೆ ಕಾಣುತ್ತದೆ. ಸಮತಲವಾದ ನಡಿಗೆಗೆ ಇದಕ್ಕಿಂತ ಒಳ್ಳೆಯ ಸ್ಥಳವನ್ನು ಹೇಳಲಾರೆವು: ಬೆಳಿಗ್ಗೆ ಕಡಲ ಮಗ್ಗುಲಿನಲ್ಲಿ ಹೋಗಿ, ಬಿಸಿಲೇರಿದ ಮೇಲೆ ಹೊಳೆಯ ಮಗ್ಗುಲಿನ ತೆಂಗಿನ ನೆರಳಿನಲ್ಲಿ ಹಿಂತಿರುಗಬಹುದು. ಇನ್ನೂ ಉತ್ತರಕ್ಕೆ ಕುಂದಾಪುರದ ಕೋಡಿಯಿಂದ ಐದು ಹೊಳೆಗಳು ಕೂಡುವ ಪಂಚಗಂಗಾವಳಿಯ ಅಳಿವೆಯನ್ನು ನೋಡಬಹುದು. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸೌಪರ್ಣಿಕೆ, ಇನ್ನೊಂದು ಕಡೆ ಕಡಲು, ನೋಟ ಪ್ರಸಿದ್ಧವಾದುದೇ. ಆದರೆ ಬಂಡಿಗಳ ಸದ್ದು ಅಲೆಯ ಸದ್ದನ್ನು ನುಂಗುವುದರಿಂದ ಅಲ್ಲಿ ಕ್ಷಣ ನಿಂತು ನೋಡಿ, ಬೈಂದೂರಿನ ಒತ್ತಿನೆಣೆಗೆ ಮುಂದುವರಿಯುವುದು ಲೇಸು. ಒತ್ತಿನೆಣೆಯ ಗುಡ್ಡದ ಅಂಚಿನಿಂದ ಕೆಳಗೆ ಸೋಮೇಶ್ವರದ ಮರಳೂ ಹೊಳೆಯ ಬಾಯಿಯೂ ಒಟ್ಟಿಗೆ ಕಾಣುತ್ತವೆ. ಕರಾವಳಿಯ ಎರಡು ಮುಖಗಳು ಸಂಧಿಸುವುದು ಇಲ್ಲಿಯೇ ಎನ್ನಬಹುದು.

ಉತ್ತರದ ಗುಡ್ಡದ ಹಾದಿಗಳಲ್ಲಿ ಗೋಕರ್ಣದ್ದು ಹೆಸರಾದುದು. ಊರಿನ ಮುಂದಣ ಕಡಲಿನಿಂದ ದಕ್ಷಿಣಕ್ಕೆ ಗುಡ್ಡವನ್ನೇರಿ ಇಳಿದರೆ ಕುಡ್ಲೆ. ಮತ್ತೊಂದು ಗುಡ್ಡವನ್ನು ದಾಟಿದರೆ ಓಂಕಾರದ ಆಕಾರದಲ್ಲಿ ಬಾಗಿರುವ ಓಂ ಕಡಲತೀರ. ಅದರ ಆಚೆಗೆ ಹಾಫ್ ಮೂನ್. ಕೊನೆಗೆ ಪ್ಯಾರಡೈಸ್ ಎಂದು ಹೊರಗಿನವರು ಹೆಸರಿಟ್ಟ ಚಿಕ್ಕ ಮರಳು. ಶಿವರಾತ್ರಿಯಲ್ಲಿಯೂ ಡಿಸೆಂಬರ್ ಕಡೆಯ ವಾರದಲ್ಲಿಯೂ ಇಲ್ಲಿ ಶಾಂತಿಯನ್ನು ಹುಡುಕುವುದು ವ್ಯರ್ಥ. ಆಗ ಕುಮಟೆಯ ಕಡೆಯ ಹಾದಿಯೇ ಉತ್ತಮ. ಕುಮಟೆಯಿಂದ ಉತ್ತರಕ್ಕೆ ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲಗಳ ಮೇಲೆ ಮುರಕಲ್ಲಿನ ಗುಡ್ಡಗಳ ಅಂಚಿನಲ್ಲಿ ನಡೆದು, ಅಘನಾಶಿನಿ ಎಂಬ ಊರಿನಲ್ಲಿ ದೋಣಿ ಹತ್ತಿ ಹೊಳೆಯನ್ನು ದಾಟಿ ತದಡಿಗೆ ಇಳಿಯಬಹುದು. ಈ ಅಘನಾಶಿನಿಯು ಅಣೆಕಟ್ಟಿನ ತಡೆಯಿಲ್ಲದೆ ಕಡಲನ್ನು ಸೇರುವ ಹೊಳೆ. ಅದರ ಅಳಿವೆಯನ್ನು ೨೦೨೪ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅರ್ಥಾತ್ ಜಗತ್ತಿನ ಮುಖ್ಯವಾದ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಉಪ್ಪುನೀರಿನಲ್ಲಿಯೂ ಬೆಳೆಯುವ 'ಕಗ್ಗ' ಎಂಬ ಭತ್ತವೂ, ಸಾಣಿಕಟ್ಟೆಯ ಉಪ್ಪಿನ ಆಗರಗಳೂ ಈ ಅಳಿವೆಯ ಸುತ್ತಲೇ ಇವೆ. ಕಡಲನ್ನು ನೋಡಲು ಹೋದವನು ಉಪ್ಪು ಹೇಗೆ ಆಗುವುದೆಂಬುದನ್ನೂ ನೋಡಿಕೊಂಡು ಬಂದಂತಾಗುತ್ತದೆ.

ಹೊನ್ನಾವರದ ಬಳಿ ಅಪ್ಸರಕೊಂಡದ ಗುಡ್ಡದಿಂದ ಕಾಣುವ ಕಡಲನ್ನೂ, ಕಾರವಾರದ ಆಚೆ ಮಾಜಾಳಿಯಿಂದ ಗುಡ್ಡವನ್ನು ದಾಟಿದರೆ ಸಿಗುವ, ಎಳ್ಳಿನಂತೆ ಕಪ್ಪಾದ ಮರಳಿನ ತಿಳ್ಮಾತಿಯನ್ನೂ ಇಲ್ಲಿಯೇ ಸ್ಮರಿಸಬೇಕು. ಕಾರವಾರಕ್ಕೆ ರವೀಂದ್ರನಾಥ ಠಾಕೂರರು ೧೮೮೩ರಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಅವರು ಬರೆದುದು ಅಲ್ಲಿಯೇ. ಕಾರವಾರದ ಕಡಲತೀರಕ್ಕೆ ಈಗ ಅವರ ಹೆಸರಿದೆ. ಊರಿನ ದಕ್ಷಿಣದ ಕರೆಯ ಬಹುಭಾಗವನ್ನು ನೌಕಾನೆಲೆಯು ತೆಗೆದುಕೊಂಡಿರುವುದರಿಂದ ಬೇಲಿ ಹಾಕಿರುವ ಕಡೆ ಹೋಗದಿರುವುದು ಅವಶ್ಯಕ.

ಸ್ಥಳದ ಮಾತು ಇಷ್ಟಾಯಿತು. ಕಾಲದ ಮಾತು ಅದಕ್ಕಿಂತಲೂ ಮುಖ್ಯ. ಏಕೆಂದರೆ ಜನನಿಬಿಡವಾದ ಸ್ಥಳವೂ ಸರಿಯಾದ ಹೊತ್ತಿನಲ್ಲಿ ನಿರ್ಜನವಾಗಿರುತ್ತದೆ. ನಮ್ಮ ಕಡಲು ಪಶ್ಚಿಮಕ್ಕಿರುವುದರಿಂದ ಜನ ಸೂರ್ಯಾಸ್ತವನ್ನು ನೋಡಲು ಬರುತ್ತಾರೆ, ಸೂರ್ಯೋದಯಕ್ಕೆ ಬರುವುದಿಲ್ಲ. ಬೆಳಿಗ್ಗೆ ಸೂರ್ಯನು ತೆಂಗಿನ ತೋಟದ ಹಿಂದಿನಿಂದ ಏರುವುದರಿಂದ ಕರೆಯ ಮೇಲೆ ಬಹಳ ಹೊತ್ತು ನೆರಳಿರುತ್ತದೆ. ಚಳಿಗಾಲದ ಬೆಳಗಿನಲ್ಲಿ ಗಾಳಿಯು ನೆಲದಿಂದ ಕಡಲಿನ ಕಡೆಗೆ ಮೆಲ್ಲನೆ ಬೀಸುತ್ತದೆ, ಅಲೆ ಸಣ್ಣದಾಗಿರುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗಿ ಅಲೆ ಏಳುತ್ತದೆ. ಆದಕಾರಣ ಆರರಿಂದ ಒಂಬತ್ತು ಘಂಟೆಯ ವರೆಗಿನ ಹೊತ್ತು ನಡಿಗೆಗೆ ಎಲ್ಲ ರೀತಿಯಿಂದಲೂ ಶ್ರೇಷ್ಠ. ನವೆಂಬರಿನಿಂದ ಫೆಬ್ರವರಿಯ ವರೆಗಿನದು ಒಳ್ಳೆಯ ಋತು. ಅದರಲ್ಲಿಯೂ ಶನಿವಾರ ಭಾನುವಾರಗಳನ್ನು ಬಿಟ್ಟ ದಿನಗಳು. ಕಾಫಿಯ ಸೀಮೆಯವರಿಗೆ ಅರೇಬಿಕದ ಕೊಯ್ಲು ಮುಗಿದು, ಹೂಮಳೆಗಾಗಿ ಆಕಾಶವನ್ನು ನೋಡುತ್ತಿರುವ ದಿನಗಳೇ ಇದಕ್ಕೆ ತಕ್ಕ ಬಿಡುವು.

ಉಬ್ಬರವಿಳಿತವನ್ನು ತಿಳಿಯುವುದಕ್ಕೆ ನಮ್ಮ ಮನೆಯ ಪಂಚಾಂಗವೇ ಸಾಕಷ್ಟು ಸಹಾಯ ಮಾಡುತ್ತದೆ. ದಿನಕ್ಕೆ ಎರಡು ಸಲ ಕಡಲು ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರನು ದಿನದಿನಕ್ಕೂ ತಡವಾಗಿ ಹುಟ್ಟುವಂತೆ ಉಬ್ಬರವೂ ದಿನಕ್ಕೆ ಸುಮಾರು ೫೦ ನಿಮಿಷ, ಅರ್ಥಾತ್ ಎರಡು ಘಳಿಗೆಯಷ್ಟು, ತಡವಾಗುತ್ತ ಹೋಗುತ್ತದೆ. ಇಂದು ಏಳು ಘಂಟೆಗೆ ನೀರು ಇಳಿದಿದ್ದರೆ ನಾಳೆ ಎಂಟಕ್ಕೆ ಸ್ವಲ್ಪ ಮೊದಲು ಇಳಿದಿರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಉಬ್ಬರ ಹೆಚ್ಚು ಎತ್ತರ, ಇಳಿತ ಹೆಚ್ಚು ಆಳ. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಾಧಾರಣ. ಮೊದಲನೆಯ ದಿನ ಅಲ್ಲಿಯ ಮೀನುಗಾರರನ್ನು ಒಮ್ಮೆ ಕೇಳಿಕೊಂಡರೆ ಉಳಿದ ದಿನಗಳ ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು. ನೀರು ಇಳಿದಾಗ ಒದ್ದೆಮರಳು ಗಟ್ಟಿಯಾಗಿ ಪಾದಕ್ಕೆ ಹಿತವಾಗಿರುತ್ತದೆ. ಉಬ್ಬಿದಾಗ ಒಣಮರಳಿನಲ್ಲಿ ಕಾಲು ಹೂತು ದಣಿವಾಗುತ್ತದೆ. ಬಂಡೆಯ ಮೂಲೆಯನ್ನು ಸುತ್ತಿಕೊಂಡು ಪಕ್ಕದ ಮರಳಿಗೆ ಹೋಗುವವರು ನೀರು ಇಳಿಯುತ್ತಿರುವಾಗ ಹೋಗಿ, ಮತ್ತೆ ಏರತೊಡಗುವ ಮೊದಲೇ ಹಿಂತಿರುಗಬೇಕು. ಇಲ್ಲವಾದರೆ ಬಂದ ದಾರಿ ನೀರಿನೊಳಗಿರುತ್ತದೆ.

ಈಗ ಅತ್ಯಂತ ಅವಶ್ಯಕವಾದ ಮಾತಿಗೆ ಬರುತ್ತೇವೆ. ನಿರ್ಜನವಾದ ಕರೆಯಲ್ಲಿ ಕಾವಲುಗಾರನೂ ಇರುವುದಿಲ್ಲ. ೨೦೨೪ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಮುರ್ಡೇಶ್ವರದಲ್ಲಿ ಅಲೆಗಳ ಪಾಲಾದರು. ಕೋಲಾರವು ಕೆರೆಗಳ ಸೀಮೆ. ಬಯಲುಸೀಮೆಯ ಮಕ್ಕಳಿಗೆ ಕಡಲಿನ ಸ್ವಭಾವವನ್ನು ಮೊದಲೇ ಹೇಳಿಕೊಡುವುದು ದೊಡ್ಡವರ ಕರ್ತವ್ಯ. ಆ ಸ್ವಭಾವವನ್ನು ಸ್ವಲ್ಪ ವಿವರಿಸುತ್ತೇವೆ.

ಅಲೆಗಳು ಕರೆಗೆ ನೀರನ್ನು ತಳ್ಳುತ್ತಲೇ ಇರುತ್ತವೆ. ತಳ್ಳಿದ ನೀರು ಹಿಂದಕ್ಕೆ ಹೋಗಲೇಬೇಕಷ್ಟೆ. ಕರೆಯ ಮುಂದೆ ನೀರಿನೊಳಗೆ ಮರಳಿನ ದಿಬ್ಬಗಳಿರುತ್ತವೆ. ಹಿಂತಿರುಗುವ ನೀರು ಆ ದಿಬ್ಬಗಳ ನಡುವೆ ತಗ್ಗಾದ ಸ್ಥಳವನ್ನು ಹುಡುಕಿಕೊಂಡು, ಏರಿಯ ತೂಬಿನಿಂದ ನುಗ್ಗುವ ನೀರಿನಂತೆ, ಕಿರಿದಾಗಿಯೂ ವೇಗವಾಗಿಯೂ ಹೊರಕ್ಕೆ ಓಡುತ್ತದೆ. ಇದೇ ಸೆಳವು. ದಿಬ್ಬದ ಮೇಲೆ ಅಲೆ ಒಡೆದು ನೊರೆಯಾಗುತ್ತದೆ. ಸೆಳವಿರುವ ತಗ್ಗಿನಲ್ಲಿ ಆಳ ಹೆಚ್ಚಾದ್ದರಿಂದ ಅಲೆ ಒಡೆಯುವುದಿಲ್ಲ. ಆದಕಾರಣ ಸೆಳವಿನ ಸ್ಥಳವೇ ನೋಡುವವನ ಕಣ್ಣಿಗೆ ಶಾಂತವಾಗಿಯೂ ಬಣ್ಣದಲ್ಲಿ ಕಪ್ಪಾಗಿಯೂ ಕಾಣುತ್ತದೆ. ಅನುಭವವಿಲ್ಲದವನು "ಇಲ್ಲಿ ಅಲೆಯಿಲ್ಲ, ಇಲ್ಲಿಯೇ ಇಳಿಯೋಣ" ಎಂದು ಅದನ್ನೇ ಆರಿಸಿಕೊಳ್ಳುತ್ತಾನೆ. ಎರಡು ನೊರೆಗಳ ನಡುವೆ ನೊರೆಯಿಲ್ಲದ ಓಣಿಯೊಂದು ಕಂಡರೆ ಅದರಿಂದ ದೂರವಿರಬೇಕೆಂಬುದನ್ನು ಮಕ್ಕಳಿಗೆ ಕರೆಯ ಮೇಲೆಯೇ ನಿಲ್ಲಿಸಿ ತೋರಿಸಿಕೊಡಬೇಕು.

ಒಂದು ವೇಳೆ ಸೆಳವಿಗೆ ಸಿಕ್ಕಿದರೆ ಕರೆಯ ಕಡೆಗೆ ನೇರವಾಗಿ ಈಜಲು ಯತ್ನಿಸಬಾರದು. ಬಲಶಾಲಿಯಾದ ಈಜುಗಾರನೂ ಆ ನೀರಿನ ವೇಗಕ್ಕೆ ಸೋಲುತ್ತಾನೆ; ಜನ ಸಾಯುವುದು ಹೆಚ್ಚಾಗಿ ದಣಿವಿನಿಂದ. ಸೆಳವು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅದು ಅಗಲವಾದುದೂ ಅಲ್ಲ. ಆದ್ದರಿಂದ ಮೊದಲು ಗಾಬರಿಯಿಲ್ಲದೆ ತೇಲಿಕೊಂಡಿರಬೇಕು. ಬಳಿಕ ಕರೆಗೆ ಸಮಾನಾಂತರವಾಗಿ ಮಗ್ಗುಲಿಗೆ ಈಜಿ, ನೊರೆಯಿರುವ ಕಡೆಗೆ ಬಂದು, ಅಲೆಗಳ ಸಹಾಯದಿಂದ ದಡ ಸೇರಬೇಕು. ಈಜಲಾರದವನು ತೇಲುತ್ತ ಕೈಯೆತ್ತಿ ಕೂಗಬೇಕು. ದಡದಲ್ಲಿದ್ದವರು ಒಬ್ಬರ ಹಿಂದೊಬ್ಬರು ಹಾರುವುದೇ ಒಂದು ಸಾವನ್ನು ಮೂರಾಗಿ ಮಾಡುವ ದಾರಿ. ಹಗ್ಗವನ್ನೋ ಬಾಯಿ ಮುಚ್ಚಿದ ಖಾಲಿ ಡಬ್ಬಿಯನ್ನೋ ಎಸೆದು, ಮೀನುಗಾರರನ್ನು ಕೂಗಿ ಕರೆಯಬೇಕು. ಅಳಿವೆಯ ಬಾಯಿಯಲ್ಲಿ ಸ್ನಾನ ಮಾಡಲೇಬಾರದು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲಿನ ನೀರೂ ಒಟ್ಟಾಗಿ ಅಲ್ಲಿ ಹೊರಕ್ಕೆ ನುಗ್ಗುತ್ತವೆ. ಪಾಚಿ ಕಟ್ಟಿದ ಬಂಡೆಯ ತುದಿಯಲ್ಲಿ ಭಾವಚಿತ್ರಕ್ಕಾಗಿ ನಿಲ್ಲುವುದೂ ಅಷ್ಟೇ ಅಪಾಯಕರ. ಹತ್ತು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡದು ಬರುವುದು ಕಡಲಿನ ವಾಡಿಕೆ.

ಕೊನೆಯದಾಗಿ ಕರೆಯ ಒಕ್ಕಲುಗಳ ವಿಷಯ. ನಮಗೆ ಏಕಾಂತವೆನಿಸುವ ಸ್ಥಳವು ಇನ್ನೊಬ್ಬರಿಗೆ ಹೊಲವೂ ಅಂಗಳವೂ ಆಗಿದೆ. ಬೆಳಿಗ್ಗೆ ಕೆಲವೆಡೆ ಗಂಡಸರು ಹೆಂಗಸರು ಸಾಲಾಗಿ ನಿಂತು ಕೈರಂಪಣಿಯ ಬಲೆಯನ್ನು ದಡಕ್ಕೆ ಎಳೆಯುವುದನ್ನು ಕಾಣಬಹುದು. ಊರಿಗೆ ಊರೇ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿಯು ೧೯೭೦ರ ದಶಕದಲ್ಲಿ ಯಂತ್ರದ ದೋಣಿಗಳೂ ಹೊಸ ಬಲೆಗಳೂ ಬಂದ ಮೇಲೆ ಹಿಂದೆ ಸರಿಯಿತು. ಅದರ ಚಿಕ್ಕ ರೂಪ ಇದು. ಬಲೆಯನ್ನು ತುಳಿಯದೆ, ಒಣಗಲು ಹಾಕಿದ ಮೀನಿನ ನಡುವೆ ಬಂಡಿಯೋಡಿಸದೆ, ಕೇಳದೆ ಚಿತ್ರ ತೆಗೆಯದೆ ಇದ್ದರೆ ಆ ಜನರಷ್ಟು ಒಳ್ಳೆಯ ಮಾರ್ಗದರ್ಶಕರು ಬೇರೆ ಸಿಕ್ಕಲಾರರು. ಇಳಿಯತಕ್ಕ ಸ್ಥಳ ಯಾವುದು, ಇಳಿಯಬಾರದ್ದು ಯಾವುದು ಎಂಬುದನ್ನು ಅವರು ಒಂದೇ ಮಾತಿನಲ್ಲಿ ಹೇಳುತ್ತಾರೆ. ಆ ಮಾತನ್ನು ಮೀರಬಾರದು.

ಮನುಷ್ಯರಲ್ಲದೆ ಬೇರೆ ಅತಿಥಿಗಳೂ ಈ ಮರಳನ್ನು ನಂಬಿದ್ದಾರೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಕುಂದಾಪುರದ ಕರೆಯಲ್ಲಿಯೂ ಹೊನ್ನಾವರದ ಕಡೆಯಲ್ಲಿಯೂ ಬಂದು ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ಹುಟ್ಟಿದ ಮರಿಗಳು ಕಡಲಿನ ಮೇಲಣ ತಿಳಿಬೆಳಕನ್ನು ನೋಡಿ ನೀರಿನ ದಾರಿಯನ್ನು ಕಂಡುಕೊಳ್ಳುತ್ತವೆ. ಹಿಂದಿನಿಂದ ದೀಪ ಉರಿದರೆ ಅವು ದಾರಿ ತಪ್ಪಿ ಊರಿನ ಕಡೆಗೆ ನಡೆದು ಸಾಯುತ್ತವೆ. ಆದಕಾರಣ ರಾತ್ರಿಯ ಕರೆಯಲ್ಲಿ ದೊಡ್ಡ ದೀಪವೂ ಬೆಂಕಿಯೂ ಬೇಡ. ನಾವು ತಂದ ಬಾಟ್ಲಿ, ಚೀಲ, ತಟ್ಟೆಗಳನ್ನು ನಾವೇ ಹಿಂದಕ್ಕೆ ಒಯ್ಯಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಅರೇಹಳ್ಳಿಯಂತಹ ಊರಿನಿಂದ ಮೂರು ದಿವಸಕ್ಕೆ ಹೊರಡುವ ಸಂಸಾರಕ್ಕೆ ನಮ್ಮ ಸೂಚನೆ ಇಷ್ಟು. ಸೋಮವಾರ ಬೆಳಿಗ್ಗೆ ಚಾರ್ಮಾಡಿಯನ್ನಿಳಿದು ಮಧ್ಯಾಹ್ನಕ್ಕೆ ಉಡುಪಿಯನ್ನು ಸೇರಿ, ಸಂಜೆ ಕಾಪುವಿನ ದೀಪಸ್ತಂಭದಿಂದ ಉತ್ತರಕ್ಕೆ ನಡೆಯಿರಿ. ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಕೋಡಿ ಬೆಂಗ್ರೆಯಲ್ಲಿರಿ. ಬಿಸಿಲೇರಿದ ಮೇಲೆ ಕುಚ್ಚಲಕ್ಕಿಯ ಊಟ, ನಿದ್ರೆ. ಬುಧವಾರ ಬೆಳಿಗ್ಗೆ ಒತ್ತಿನೆಣೆಯ ಗುಡ್ಡವನ್ನು ನೋಡಿ, ಹಗಲಿರುವಾಗಲೇ ಘಟ್ಟವನ್ನು ಹತ್ತಿರಿ. ಒಂದೇ ದಿವಸದಲ್ಲಿ ಐದು ಸ್ಥಳಗಳನ್ನು ನೋಡುವ ಆತುರವನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು. ಒಂದೇ ಕರೆಯಲ್ಲಿ ಎರಡು ಬೆಳಗು ಕಳೆದವನಿಗೆ ಎರಡನೆಯ ದಿವಸ ಅಲೆಯ ಲಯ ತಿಳಿಯುತ್ತದೆ. ಉಬ್ಬರದ ಗೆರೆ ನಿನ್ನೆ ಎಲ್ಲಿತ್ತು, ಇಂದು ಎಲ್ಲಿದೆ ಎಂಬುದು ಕಾಣುತ್ತದೆ. ಬಲೆಯೆಳೆಯುವವರು ಗುರುತು ಹಿಡಿದು ಮಾತನಾಡಿಸುತ್ತಾರೆ. ಕಡಲಿನ ಪರಿಚಯವು ಘಟ್ಟದ ಮೇಲಣ ನಮಗೆ ತಡವಾಗಿ ಒದಗಿದ ಭಾಗ್ಯ. ಆ ಪರಿಚಯವನ್ನು ಭಯವಿಲ್ಲದೆ, ಆದರೆ ಗೌರವವನ್ನು ಬಿಡದೆ ಬೆಳೆಸಿಕೊಂಡು, ಹೋದಷ್ಟು ಮಂದಿಯೂ ಸುಖವಾಗಿ ಹಿಂತಿರುಗಲೆಂದು ಹಾರೈಸುತ್ತೇವೆ.